ಕೂಟಸಾಕ್ಷ್ಯವೂ ಸತ್ಯಾಣುವ್ರತವೂ

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವು 1891ರಲ್ಲಿ ಸ್ಥಾಪಿತವಾದುದು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯನ್ನು ಆರ್. ಶಾಮಶಾಸ್ತ್ರಿಗಳು ಇಲ್ಲಿಯೇ ಗುರುತಿಸಿ, 1909ರಲ್ಲಿ ಪ್ರಕಟಿಸಿದರು. ಸುಳ್ಳುಸಾಕ್ಷಿಯ ದಂಡನೆಯನ್ನು ಆ ಗ್ರಂಥವೂ ವಿಚಾರಿಸುತ್ತದೆ. ಆದರೆ ರಾಜದಂಡವು ಬಯಲಾದ ಸುಳ್ಳನ್ನು ಮಾತ್ರ ಮುಟ್ಟಬಲ್ಲದು. ಬಯಲಾಗದ ಸುಳ್ಳನ್ನು ತಡೆಯುವುದು ವ್ರತವೊಂದೇ.

ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಐದು ಸ್ಥೂಲ ಅಸತ್ಯಗಳಲ್ಲಿ ಕೂಟಸಾಕ್ಷ್ಯವನ್ನು ಹೆಸರಿಸಿಯೇ ಹೇಳಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸುಳ್ಳನ್ನು ತಾನು ನುಡಿಯುವುದನ್ನಷ್ಟೇ ಅಲ್ಲ, ಪರರಿಂದ ನುಡಿಸುವುದನ್ನೂ ನಿಷೇಧಿಸಿದ್ದಾರೆ. ಅಸತ್ಯಕ್ಕೆ ಅವರು ಕೊಟ್ಟ ನಿದರ್ಶನ ಸತ್ಯಘೋಷನದು. ಸುಳ್ಳಾಡಿದರೆ ನಾಲಗೆ ಕತ್ತರಿಸಿಕೊಳ್ಳುವೆನೆಂದು ಜನಿವಾರಕ್ಕೆ ಕತ್ತರಿ ಕಟ್ಟಿಕೊಂಡಿದ್ದ ಆ ಪುರೋಹಿತ, ವಣಿಕನೊಬ್ಬನು ಇರಿಸಿಹೋದ ರತ್ನಗಳನ್ನೇ ಇಲ್ಲವೆಂದನು. ಜನರು ವಣಿಕನನ್ನೇ ಹುಚ್ಚನೆಂದರು. ರಾಣಿಯು ಜಾಣ್ಮೆಯಿಂದ ರತ್ನಗಳನ್ನು ತರಿಸಿದಳು. ಅವನ್ನು ಇತರ ರತ್ನಗಳೊಡನೆ ಬೆರೆಸಿಟ್ಟಾಗ ವಣಿಕನು ತನ್ನವನ್ನಷ್ಟೇ ಆರಿಸಿಕೊಂಡನು. ಸತ್ಯವನ್ನು ನಿರ್ಣಯಿಸಿದ್ದು ಹೇಳುವವನ ಪ್ರತಿಷ್ಠೆಯಲ್ಲ, ಪರೀಕ್ಷೆ.

ಈ ಕಥೆ ಇಂದಿನ ಮನೆಗಳಿಗೂ ಸಲ್ಲುತ್ತದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣೆಯ 2005ರ ಅಧಿನಿಯಮವು 2006ರ ಅಕ್ಟೋಬರ್ 26ರಂದು ಜಾರಿಗೆ ಬಂದಿತು. ಇದರಡಿ ಮ್ಯಾಜಿಸ್ಟ್ರೇಟರು ಸಂರಕ್ಷಣಾ ಆದೇಶ ನೀಡಬಹುದು. ತುರ್ತಿದ್ದರೆ ಪ್ರಮಾಣಪತ್ರದ ಆಧಾರದ ಮೇಲೆ ಏಕಪಕ್ಷೀಯವಾಗಿಯೂ ನೀಡಬಹುದು. ಆದುದರಿಂದಲೇ ಇಲ್ಲಿ ಒಂದೊಂದು ಮಾತೂ ಭಾರವಾದುದು. ನೊಂದವಳ ಮಾತನ್ನು ಸುಳ್ಳೆನಿಸಲು ಬಂಧುಗಳು ಕಟ್ಟುವ ಸಾಕ್ಷ್ಯವೂ, ನಿರಪರಾಧಿಯ ಮೇಲೆ ಹೊರಿಸುವ ಆರೋಪವೂ ಒಂದೇ ಪಾಪ.

ಎದುರಾಳಿಯು ಸುಳ್ಳು ನುಡಿದರೆ ಶ್ರಾವಕನು ಮಾಡಬೇಕಾದುದೇನು? ಮೊದಲು ಆದೇಶವನ್ನು ಪಾಲಿಸಬೇಕು. ಅದರ ಉಲ್ಲಂಘನೆ ಸ್ವತಃ ಅಪರಾಧ. ಬಳಿಕ ದಾಖಲೆಗಳಿಂದಲೂ ಪಾಟೀಸವಾಲಿನಿಂದಲೂ ಸತ್ಯವನ್ನು ತೋರಿಸಬೇಕು. ಮೂವತ್ತು ದಿನಗಳೊಳಗೆ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿಯುಂಟು. ಉದ್ದೇಶಪೂರ್ವಕ ಸುಳ್ಳುಸಾಕ್ಷ್ಯಕ್ಕೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 229ನೇ ಕಲಮಿನಡಿ ಏಳು ವರ್ಷಗಳವರೆಗೆ ಸೆರೆವಾಸವಿದೆ. ಆದರೆ ವಿಚಾರಣೆಗೆ ದೂರು ಸಲ್ಲಿಸುವುದು ನ್ಯಾಯಾಲಯದ ವಿವೇಚನೆಗೆ ಸೇರಿದುದು. ರುಜುವಾತಾಗದ ಮಾತೆಲ್ಲವೂ ಸುಳ್ಳಲ್ಲವೆಂಬುದನ್ನೂ ಮರೆಯಲಾಗದು.

ಪರರಿಗೆ ವಿಪತ್ತು ತರುವ ಸತ್ಯವನ್ನೂ ನುಡಿಯಬಾರದೆಂದು ಆಚಾರ್ಯರು ಹೇಳಿದ್ದಾರಲ್ಲವೆ, ಮನೆತನದ ಮಾನಕ್ಕಾಗಿ ಮೌನವಾಗಿರಬಾರದೆ ಎಂದು ಕೆಲವರು ಕೇಳುವುದುಂಟು. ಆ ವಿಧಿಯ ಮೂಲ ಅಹಿಂಸೆ. ಹೊಡೆದವನನ್ನು ಮರೆಮಾಡುವ ಮೌನ ಅಹಿಂಸೆಯಾಗಲಾರದು. ಅದು ಹಿಂಸೆಗೆ ಕೊಡುವ ಅನುಮೋದನೆ. ಕೃತ, ಕಾರಿತ, ಅನುಮೋದನೆ ಮೂರೂ ಕರ್ಮಬಂಧಕ್ಕೆ ಕಾರಣವೆಂದು ನಮಗೆ ಬೋಧಿಸಲಾಗಿದೆ.

ಬಸದಿಯ ಧರ್ಮದರ್ಶಿಗಳೂ ತಾವು ಕಾಣದುದಕ್ಕೆ, ಅರಿಯದ ನಡತೆಗೆ ರುಜು ಹಾಕದಿರಲಿ. ಕಂಡಷ್ಟನ್ನೇ ಹೇಳುವುದು, ಕಾಣದುದನ್ನು ಕಾಣಲಿಲ್ಲವೆನ್ನುವುದು: ಸಾಕ್ಷಿಕಟ್ಟೆಯಲ್ಲಿ ಸತ್ಯಾಣುವ್ರತವೆಂದರೆ ಇಷ್ಟೇ.