ಹಳದಿ ಅನ್ನದ ವೈಟ್‌ಫೀಲ್ಡ್

ತವರು ಬಿಟ್ಟು ದೂರ ಹೋದವರು ಮನೆಯ ಅಡುಗೆ ಮಾಡಿ, ಹೊಸ ಊರಿನ ಗೆಳೆಯರನ್ನು ಊಟಕ್ಕೆ ಕರೆಯುವುದು ಎಲ್ಲೆಡೆ ಕಂಡುಬರುವ ರೂಢಿ. ವಿದೇಶದಲ್ಲಿರುವ ಫಿಲಿಪೀನ್ಸಿನವರ ಮನೆಯಲ್ಲಿ ಅತಿಥಿಗೆ ಅದೋಬೊ ಸಿಗುತ್ತದೆ. ವಿನೆಗರ್, ಬೆಳ್ಳುಳ್ಳಿ ಹಾಕಿ ಬೇಯಿಸಿದ ಮಾಂಸವದು. ಭಾರತದಿಂದ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದ ಆಂಗ್ಲೋ ಇಂಡಿಯನ್ನರ ಮನೆಯಲ್ಲಿ ಆ ಗೌರವ ಹಳದಿ ಅನ್ನ ಮತ್ತು ಬಾಲ್ ಕರಿಗೆ ಸಲ್ಲುತ್ತದೆ. ಇಂಥ ಕುಟುಂಬಗಳಿಗಾಗಿಯೇ ಹುಟ್ಟಿದ ಊರೊಂದು ಬೆಂಗಳೂರಿನ ಪೂರ್ವಕ್ಕಿದೆ. ಅದೇ ವೈಟ್‌ಫೀಲ್ಡ್.

ಇಂದು ಸಾಫ್ಟ್‌ವೇರ್ ಕಂಪೆನಿಗಳಿಗೆ ಹೆಸರಾದ ಈ ಊರಿನ ಮೂಲ ಉದ್ದೇಶ ಬೇಸಾಯ. ರೈಲ್ವೆ, ತಂತಿ ಇಲಾಖೆಗಳ ನೌಕರಿಯನ್ನೇ ನೆಚ್ಚಿಕೊಂಡಿದ್ದ ತಮ್ಮ ಜನರಿಗೆ ಸ್ವಂತ ನೆಲ ಇರಬೇಕೆಂಬುದು ಮದರಾಸಿನ ಡಿ.ಎಸ್. ವೈಟ್ ಅವರ ಆಸೆಯಾಗಿತ್ತು. ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜೇಂದ್ರ ಒಡೆಯರು ಇದಕ್ಕೆ ಸುಮಾರು 3,900 ಎಕರೆ ಭೂಮಿ ನೀಡಿದರು. 1882ರಲ್ಲಿ ವಸತಿ ಆರಂಭವಾಯಿತು. ವೈಟ್ ಅವರ ಹೆಸರೇ ಊರಿಗೆ ಉಳಿಯಿತು. ಆಗಿನ ದುಂಡನೆಯ ಬಡಾವಣೆಗೆ ಈಗಲೂ ಇನ್ನರ್ ಸರ್ಕಲ್ ಎಂದೇ ಹೆಸರು.

ಈ ಸಮುದಾಯದ ಊಟದಲ್ಲಿ ಎರಡೂ ಕಡೆಯ ನಂಟು ಕಾಣುತ್ತದೆ. ಬಾಲ್ ಕರಿ ಎಂದರೆ ಕೈಮಾ ಉಂಡೆಗಳ ಗಸಿ. ಅನ್ನಕ್ಕೆ ತೆಂಗಿನಹಾಲು, ಅರಿಸಿನ ಬೀಳುತ್ತದೆ. ನಂಜಿಕೊಳ್ಳಲು ಈರುಳ್ಳಿ, ಒಣಮೆಣಸಿನಕಾಯಿ, ವಿನೆಗರ್ ಸೇರಿಸಿ ಅರೆದ ಡೆವಿಲ್ ಚಟ್ನಿ. ವಿಂದಾಲೂ ಪೋರ್ಚುಗೀಸರಿಂದ ಬಂದದ್ದು. ವಿನೆಗರ್, ಬೆಳ್ಳುಳ್ಳಿಗಳಿಂದಾಗಿ ಫಿಲಿಪೀನ್ಸಿನ ಅದೋಬೊ ಅದಕ್ಕೆ ದೂರದ ದಾಯಾದಿ. ಇನ್ನು 'ಪೆಪ್ಪರ್ ವಾಟರ್' ಎಂಬುದು ಹುಣಸೆಹಣ್ಣು, ಮೆಣಸು, ಜೀರಿಗೆಯ ನಮ್ಮ ಸಾರೇ. ಇಂಗ್ಲಿಷ್ ಹೆಸರು ಹೊತ್ತ ಈ ಸಾರು ಯಾವ ಕನ್ನಡಿಗ ಅತಿಥಿಗೂ ಅಪರಿಚಿತವಲ್ಲ.

1947ರ ನಂತರ ಅನೇಕ ಆಂಗ್ಲೋ ಇಂಡಿಯನ್ ಕುಟುಂಬಗಳು ಬ್ರಿಟನ್, ಆಸ್ಟ್ರೇಲಿಯಾ, ಕೆನಡಾಗಳಿಗೆ ವಲಸೆ ಹೋದವು. 1990ರ ದಶಕದಲ್ಲಿ ಐಟಿ ಪಾರ್ಕ್ ಬಂದ ಮೇಲೆ ವೈಟ್‌ಫೀಲ್ಡಿನ ಭೂಮಿಗೆ ಬೆಲೆ ಏರಿತು. ತೋಟ ಸುತ್ತುವರಿದ ಹಳೆಯ ಬಂಗಲೆಗಳ ಜಾಗದಲ್ಲಿ ಅಪಾರ್ಟ್‌ಮೆಂಟ್‌ಗಳು ಎದ್ದವು. ಲೋಕಸಭೆ, ವಿಧಾನಸಭೆಗಳಿಗೆ ಈ ಸಮುದಾಯದವರನ್ನು ನಾಮಕರಣ ಮಾಡುವ ಅವಕಾಶವೂ 2020ರ ಜನವರಿಯಲ್ಲಿ ಕೊನೆಗೊಂಡಿತು.

ಶಾಸನಸಭೆಯಲ್ಲಿ ಮೀಸಲು ಸ್ಥಾನ ಇಲ್ಲ, ಊರಿನಲ್ಲಿ ಹಳೆಯ ಮನೆಗಳೂ ವಿರಳ. ಉಳಿದಿರುವುದು ಅಡುಗೆಮನೆ. ಹಬ್ಬಕ್ಕೆ ನೆರೆಯವರನ್ನು ಕರೆದು ಹಳದಿ ಅನ್ನ ಬಡಿಸುವವರು ಇರುವವರೆಗೆ, ಈ ಊರನ್ನು ಯಾರು, ಯಾತಕ್ಕಾಗಿ ಕಟ್ಟಿದರೆಂಬುದು ಹೊಸಬರಿಗೂ ತಿಳಿಯುತ್ತಿರುತ್ತದೆ.