ಸೇವಂತಿಗೆ ಹೊಲದ ದೀಪಜಾಲ

ಸೇವಂತಿಗೆ ಗಿಡ ಎಳೆಯದರಲ್ಲೇ ಮೊಗ್ಗು ಕಟ್ಟದಂತೆ ತಡೆಯಲು ರಾತ್ರಿ ಹೊತ್ತು ಹೊಲದಲ್ಲಿ ಉರಿಸುವ ಎಲ್‌ಇಡಿ ಬಲ್ಬುಗಳ ಏರ್ಪಾಟು. ಗೂಟಗಳ ಮೇಲೆ ವೈರು ಎಳೆದು, ಅಳತೆಗೆ ತಕ್ಕಂತೆ ಹೋಲ್ಡರ್ ಕಟ್ಟಿ, ಬಲ್ಬು ಇಳಿಬಿಡುತ್ತಾರೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಸೀಮೆಯಲ್ಲಿ ಇಂಥ ಹೊಲವನ್ನು ರಾತ್ರಿ ದೂರದಿಂದ ಕಂಡವರು ಯಾವುದೋ ಜಾತ್ರೆಗೆ ಸೀರಿಯಲ್ ಸೆಟ್ ಹಾಕಿದ್ದಾರೆ ಅಂದುಕೊಳ್ಳುವುದುಂಟು. ಬಲ್ಬುಗಳನ್ನು ಗುಂಪು ಮಾಡಿ ಹೊತ್ತಿಸಿ ಆರಿಸುವ ಕೆಲಸ ಹೆಚ್ಚಾಗಿ ಟೈಮರ್ ಮತ್ತು ಕಾಂಟ್ಯಾಕ್ಟರಿನದು. ರೇಡಿಯೋ ಅಲೆಯ ಮೂಲಕ, ಅಂದರೆ ನಿಸ್ತಂತುವಾಗಿಯೂ ಅದನ್ನು ಮಾಡಬಹುದು. ಹೆಸರು ನಿಸ್ತಂತುವಾದರೂ ವೈರು ತಪ್ಪುವುದಿಲ್ಲ. ಗಾಳಿಯಲ್ಲಿ ಬರುವುದು ಆಜ್ಞೆ ಮಾತ್ರ, ಕರೆಂಟಲ್ಲ.

ರಾತ್ರಿಯ ಲೆಕ್ಕ

ಹಗಲು–ರಾತ್ರಿಗಳ ಉದ್ದಕ್ಕೂ ಹೂ ಬಿಡುವುದಕ್ಕೂ ಇರುವ ನಂಟನ್ನು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲಿ ಪ್ರಕಟಿಸಿದರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಅವರ ಪ್ರಯೋಗದಿಂದ ಇನ್ನೊಂದು ಸಂಗತಿ ತಿಳಿಯಿತು: ಗಿಡ ಲೆಕ್ಕ ಇಡುವುದು ಹಗಲಿನದಲ್ಲ, ಎಡೆಬಿಡದ ಕತ್ತಲೆಯದು. ನಡುರಾತ್ರಿ ಸ್ವಲ್ಪ ಹೊತ್ತು ಬೆಳಕು ಬಿದ್ದರೆ ಆ ಲೆಕ್ಕ ಮುರಿಯುತ್ತದೆ. ಬೋರ್ತ್‌ವಿಕ್ ಮತ್ತು ಹೆಂಡ್ರಿಕ್ಸ್ ಅವರ ತಂಡ 1952ರಲ್ಲಿ ಸೊಪ್ಪಿನ ಜಾತಿಯ ಲೆಟ್ಯೂಸ್ ಬೀಜಗಳ ಮೇಲೆ ಮಾಡಿದ ಪ್ರಯೋಗ ಇದರ ಹಿಂದಿರುವ ವರ್ಣದ್ರವ್ಯದ ಸುಳಿವು ಕೊಟ್ಟಿತು. ಮುಂದೆ ಅದಕ್ಕೆ ಫೈಟೋಕ್ರೋಮ್ ಎಂಬ ಹೆಸರಾಯಿತು. ಅದು ಸುಮಾರು 660 ನ್ಯಾನೋಮೀಟರಿನ ಕೆಂಪು ಬೆಳಕಿಗೆ ಒಂದು ರೂಪಕ್ಕೆ ತಿರುಗಿ, 730ರ ಆಸುಪಾಸಿನ ದೂರಗೆಂಪಿಗೆ ಮತ್ತೆ ಹಳೆಯ ರೂಪಕ್ಕೆ ಬರುತ್ತದೆ. ಬಿಳಿ ಎಲ್‌ಇಡಿ ಕೆಲಸಕ್ಕೆ ಬರುವುದು ಅದರೊಳಗೂ ಕೆಂಪು ಇರುವುದರಿಂದ.

ಯುರೋಪಿನಲ್ಲಿ ಬರೆದ ಬೇಸಾಯದ ಕೈಪಿಡಿಗಳನ್ನು ಇಲ್ಲಿಗೆ ಹಾಗೆಯೇ ತಂದರೆ ತಪ್ಪಾಗುತ್ತದೆ. ಸೇವಂತಿಗೆ ಹೂವಿಗೆ ಬರಲು ದೀರ್ಘ ರಾತ್ರಿ ಬೇಕು; ಅಲ್ಲಿಯ ಬೇಸಿಗೆಯ ದೀರ್ಘ ಹಗಲು ತಾನಾಗಿಯೇ ಹೂವನ್ನು ತಡೆಯುತ್ತದೆ, ಆದ್ದರಿಂದ ಹೂ ಬೇಕಾದಾಗ ಕಪ್ಪು ಬಟ್ಟೆ ಹೊದಿಸಬೇಕು. ಚಿಕ್ಕಬಳ್ಳಾಪುರ ಇರುವುದು ಉತ್ತರ ಅಕ್ಷಾಂಶ 13.4 ಡಿಗ್ರಿಯ ಬಳಿ. ಜೂನ್ ತಿಂಗಳ ಅತಿ ದೀರ್ಘ ಹಗಲೂ ಇಲ್ಲಿ ಸುಮಾರು 12 ಗಂಟೆ 55 ನಿಮಿಷ, ಡಿಸೆಂಬರಿನ ಅತಿ ಚಿಕ್ಕದು ಸುಮಾರು 11 ಗಂಟೆ 20 ನಿಮಿಷ. ಈ ಎರಡರಲ್ಲೂ ಮುಂಜಾವು–ಮುಸ್ಸಂಜೆಯ ಮಬ್ಬು ಬೆಳಕು ಸೇರಿಲ್ಲ. ಹಲವು ತಳಿಗಳಲ್ಲಿ ಮೊಗ್ಗು ಬಲಿಯಲು ಹಗಲು ಸುಮಾರು 13.5 ಗಂಟೆಗಿಂತ ಕಡಿಮೆ ಇದ್ದರೆ ಸಾಕು. ಎಂದರೆ ವರ್ಷದ ಬಹುಪಾಲು ದಿನಗಳಲ್ಲಿ ನೆಟ್ಟ ಸಸಿ ಗೇಣುದ್ದ ಬೆಳೆಯುವ ಮೊದಲೇ ಹೂವಿಗೆ ಹೊರಟುಬಿಡುತ್ತದೆ. ಕಡ್ಡಿ ಗಿಡ್ಡ, ಕವಲು ಕಡಿಮೆ, ಇಳುವರಿಯೂ ಅಷ್ಟಕ್ಕಷ್ಟೆ. ನಮ್ಮಲ್ಲಿ ಹೂವಿಗೆ ಕತ್ತಲೆಯನ್ನು ಕೊಳ್ಳಬೇಕಾಗಿಲ್ಲ, ಎಲೆಗೆ ಬೆಳಕನ್ನು ಕೊಳ್ಳಬೇಕು.

ವಾಡಿಕೆಯಾಗಿ ರಾತ್ರಿ 10ರಿಂದ 2ರವರೆಗೆ ದೀಪ ಉರಿಯುತ್ತದೆ. ಕುಡಿಯ ಮಟ್ಟದಲ್ಲಿ ಸುಮಾರು 100 ಲಕ್ಸ್ ಬೆಳಕಿದ್ದರೆ ಸಾಕೆಂಬುದು ಹಳೆಯ ಶಿಫಾರಸು. ದೀಪ ನಿಲ್ಲಿಸಿದ ಮೇಲೆ ಕೊಯ್ಲಿಗೆ ತಳಿಯನ್ನು ಅನುಸರಿಸಿ ಸಾಮಾನ್ಯವಾಗಿ 8ರಿಂದ 10 ವಾರ ಬೇಕು. ವರಮಹಾಲಕ್ಷ್ಮಿಗೋ ದಸರೆಗೋ ದೀಪಾವಳಿಗೋ ಹೂ ಬೇಕೆಂದರೆ ಪಂಚಾಂಗ ನೋಡಿ ಹಿಂದಕ್ಕೆ ಎಣಿಸಿಕೊಂಡು ಬರಬೇಕು.

ಗುಂಪು ಮಾಡುವುದು

ಮನೆಯ ದೀಪಗಳನ್ನು ಕೋಣೆಗೊಂದು ಗುಂಪು ಮಾಡುತ್ತಾರೆ. ಹೊಲದಲ್ಲಿ ಗುಂಪನ್ನು ತೀರ್ಮಾನಿಸುವುದು ನಾಟಿಯ ತಾರೀಖು. ಹದಿನೈದು ದಿನಕ್ಕೊಂದು ತಾಕು ನೆಟ್ಟವರಿಗೆ ತಾಕಿಗೊಂದು ಗುಂಪು ಬೇಕು, ಏಕೆಂದರೆ ಒಂದರಲ್ಲಿ ದೀಪ ಉರಿಯುತ್ತಿರುವಾಗಲೇ ಪಕ್ಕದ್ದರಲ್ಲಿ ಆರಿರಬೇಕು. ಸಾಮಾನ್ಯವಾಗಿ ಎಡವಟ್ಟಾಗುವುದು ಬದುವಿನಲ್ಲಿ. ಎಳೆ ತಾಕಿನ ಅಂಚಿನ ಬಲ್ಬಿನ ಬೆಳಕು ಪಕ್ಕದ ತಾಕಿನ ಮೊದಲ ಎರಡು ಮೂರು ಸಾಲಿಗೆ ಚೆಲ್ಲಿದರೆ, ನಡುವಿನ ಗಿಡಗಳು ಅರಳಿ ಹಳದಿಯಾಗಿರುವಾಗ ಅಂಚಿನವು ಹಸಿರಾಗಿಯೇ ನಿಂತಿರುತ್ತವೆ. ಅಂಚಿನ ಬಲ್ಬುಗಳಿಗೆ ಮರೆ ಕಟ್ಟುವುದು ಇದಕ್ಕೆ ಸುಲಭದ ಉಪಾಯ.

ಗುಂಪಿನ ಇನ್ನೊಂದು ಉಪಯೋಗ ಕರೆಂಟಿನ ಲೆಕ್ಕದ್ದು. ಬೆಳಕನ್ನು ಸತತವಾಗಿ ಕೊಡಲೇಬೇಕೆಂದಿಲ್ಲ; ಅರ್ಧ ಗಂಟೆಗೆ 6 ನಿಮಿಷದಂತೆ ಬಿಟ್ಟು ಬಿಟ್ಟು ಕೊಟ್ಟರೂ ಗಿಡದ ಲೆಕ್ಕ ಮುರಿಯುತ್ತದೆ. 9 ವಾಟಿನ 500 ಬಲ್ಬು ಒಟ್ಟಿಗೆ ಉರಿದರೆ 4,500 ವಾಟ್, ನಾಲ್ಕು ಗಂಟೆಗೆ 18 ಯೂನಿಟ್. ನೂರರಂತೆ ಐದು ಗುಂಪು ಮಾಡಿ ಸರದಿಯಲ್ಲಿ ಉರಿಸಿದರೆ ಯಾವ ಕ್ಷಣದಲ್ಲೂ 900 ವಾಟ್, ರಾತ್ರಿಗೆ 3.6 ಯೂನಿಟ್. ಎಲ್ಲ ಬಲ್ಬಿಗೂ ಒಮ್ಮೆಲೇ ಕರೆಂಟು ನುಗ್ಗಿ ಎಂಸಿಬಿ ಬೀಳುವ ಕಾಟವೂ ತಪ್ಪುತ್ತದೆ.

ನಿಸ್ತಂತು ಜೋಡಣೆ

ಜಿಗ್‌ಬೀ ಮತ್ತು 2017ರಲ್ಲಿ ಬಂದ ಬ್ಲೂಟೂತ್ ಮೆಶ್ ಎಂಬ ನಿಸ್ತಂತು ಪದ್ಧತಿಗಳೆರಡೂ 2.4 ಗಿಗಾಹರ್ಟ್ಜ್‌ನಲ್ಲಿ ಕೆಲಸ ಮಾಡುತ್ತವೆ. ಒಂದು ಸಾಧನ ಹೇಳಿದ್ದನ್ನು ಇನ್ನೊಂದು ಮುಂದಕ್ಕೆ ದಾಟಿಸುತ್ತದೆ. ಗುಂಪಿನ ಸಂಖ್ಯೆ ಆಯಾ ದೀಪದ ನೆನಪಿನಲ್ಲೇ ಇರುತ್ತದೆ. ‘ಮೂರನೇ ಗುಂಪು, ಹೊತ್ತಿಕೊ’ ಎಂದು ಒಮ್ಮೆ ಕೂಗಿದರೆ ಆ ಸಂಖ್ಯೆ ಇರುವವೆಲ್ಲ ಕೇಳುತ್ತವೆ. ಆದರೆ ಗುಂಪಿಗೆ ಕೂಗಿದ್ದಕ್ಕೆ ಓಗೊಡುವ ರೂಢಿ ಸಾಮಾನ್ಯವಾಗಿ ಇಲ್ಲ. ಕೇಳಿಸದ ದೀಪ ಯಾವುದೆಂದು ತಿಳಿಯಲು ಒಂದೊಂದನ್ನೂ ವಿಚಾರಿಸಬೇಕು. ಹಸಿ ಎಲೆಯ ನೀರಿನಂಶ ಈ ಅಲೆಯನ್ನು ಹೀರುವುದರಿಂದ ಆಂಟೆನಾ ಗಿಡದ ತಲೆಗಿಂತ ಮೇಲಿರಬೇಕು. ದೂರದ ತಾಕುಗಳಿಗೆ 865–867 ಮೆಗಾಹರ್ಟ್ಜ್ ಪಟ್ಟಿ ವಾಸಿ. ಭಾರತದಲ್ಲಿ ಅದನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು.

ಬಲ್ಬಿಗೊಂದು ರೇಡಿಯೋ ಇಡುವುದು ಹೊಲದ ಮಟ್ಟಿಗೆ ದುಂದು ಎಂಬುದು ಈ ಲೇಖಕನ ಅಭಿಪ್ರಾಯ. ತಾಕಿಗೊಂದು ನಿಸ್ತಂತು ಸ್ವಿಚ್, ಅದರ ಕೆಳಗೆ ಸಾಮಾನ್ಯ ಬಲ್ಬುಗಳು: ಇಷ್ಟು ಸಾಕು. ಜೋಡಿಸುವಾಗ ಒಂದೊಂದೇ ಪೆಟ್ಟಿಗೆಗೆ ಕರೆಂಟು ಕೊಟ್ಟು, ಗುಂಪಿಗೆ ಸೇರಿಸಿ, ಸಂಖ್ಯೆಯನ್ನು ಪೆಟ್ಟಿಗೆಯ ಮೇಲೂ ಒಂದು ನೋಟ್‌ಬುಕ್ಕಿನಲ್ಲೂ ಬರೆದಿಡಬೇಕು. ಮರೆಯಬಾರದ ಇನ್ನೊಂದು ವಿಚಾರ, ಕರೆಂಟು ಹೋಗಿ ಬಂದಾಗ ದೀಪ ಯಾವ ಸ್ಥಿತಿಗೆ ಬರಬೇಕೆಂಬುದು. ಅನೇಕ ಸ್ಮಾರ್ಟ್ ಬಲ್ಬುಗಳನ್ನು ತಯಾರಿಸುವಾಗಲೇ, ಕರೆಂಟು ಬಂದೊಡನೆ ಪೂರ್ತಿ ಉರಿಯುವಂತೆ ಹೊಂದಿಸಿರುತ್ತಾರೆ. ನಡುರಾತ್ರಿ ಕರೆಂಟು ಬಂದರೆ, ಮೊಗ್ಗಿಗೆ ಬಿಟ್ಟ ತಾಕೂ ಯಾರಿಗೂ ಗೊತ್ತಾಗದಂತೆ ಬೆಳಗಿಬಿಡುತ್ತದೆ.

ಗೌರಿಬಿದನೂರಿನ ಕಿವಿ

ಗೌರಿಬಿದನೂರಿನ ಬಳಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಜೊತೆಗೂಡಿ 1976ರಲ್ಲಿ ಶುರುಮಾಡಿದ ರೇಡಿಯೋ ವೀಕ್ಷಣಾಲಯವಿದೆ. ‘ಟಿ’ ಆಕಾರದ ಅಲ್ಲಿನ ದೂರದರ್ಶಕದ ಪೂರ್ವ–ಪಶ್ಚಿಮ ತೋಳು 1.38 ಕಿಲೋಮೀಟರ್, ದಕ್ಷಿಣದ ತೋಳು 0.45 ಕಿಲೋಮೀಟರ್. 640 ಮತ್ತು 360ರಂತೆ ಒಟ್ಟು ಸಾವಿರ ಡೈಪೋಲ್ ಆಂಟೆನಾಗಳು ಸೇರಿ 34.5 ಮೆಗಾಹರ್ಟ್ಜ್‌ನಲ್ಲಿ ಆಕಾಶವನ್ನು ಆಲಿಸಿದವು. ಸಾವಿರ ಕಡ್ಡಿಗಳನ್ನು ಗುಂಪು ಗುಂಪಾಗಿ ಕೂಡಿಸಿ, ಒಂದಕ್ಕೊಂದು ತುಸು ತಡ ಮಾಡಿಸಿ ಬೇಕಾದ ದಿಕ್ಕಿಗೆ ಕಿವಿ ತಿರುಗಿಸಿದ್ದು ಈ ಸೀಮೆಯ ಹಳೆಯ ಗುಂಪುಗಾರಿಕೆ.

ದೀಪಜಾಲದ ರೇಡಿಯೋ ಬಳಸುವ ಕಂಪನಾಂಕಗಳು ಈ 34.5 ಮೆಗಾಹರ್ಟ್ಜ್‌ನಿಂದ ಬಹುದೂರ. ಇಂಥ ಆಲಿಕೆಗೆ ಅಡ್ಡಿಯಾಗುವ ಆತಂಕವಿದ್ದರೆ ಅದು ಬಲ್ಬಿನ ಬುಡದಲ್ಲಿರುವ ಡ್ರೈವರಿನದು. ಸೆಕೆಂಡಿಗೆ ಹತ್ತಾರು ಸಾವಿರ ಸಲ ಕರೆಂಟನ್ನು ಕತ್ತರಿಸುವ ಆ ಪುಟ್ಟ ಸರ್ಕಿಟ್ಟಿಗೆ ಶೋಧಕ ಇಲ್ಲದಿದ್ದರೆ ಅದರ ಗದ್ದಲ ಹತ್ತಾರು ಮೆಗಾಹರ್ಟ್ಜ್‌ವರೆಗೂ ಹಬ್ಬುತ್ತದೆ, ಉದ್ದಕ್ಕೆ ಎಳೆದ ವೈರೇ ಅದಕ್ಕೆ ಆಂಟೆನಾ ಆಗುತ್ತದೆ. ದೀಪದ ಪಕ್ಕ ರೇಡಿಯೋ ಇಟ್ಟು ಮೀಡಿಯಂ ವೇವ್ ತಿರುಗಿಸಿದರೆ ಆ ಗೊರಗೊರ ಯಾರಿಗಾದರೂ ಕೇಳಿಸೀತು.

ಹುಳುಮನೆ

ಶಿಡ್ಲಘಟ್ಟ, ಚಿಂತಾಮಣಿಯ ರೇಷ್ಮೆ ಹುಳುಮನೆಗಳಲ್ಲಿ ದೀಪದ ಪಾತ್ರ ಚಿಕ್ಕದು. ಹುಳು ತೀಕ್ಷ್ಣ ಬೆಳಕನ್ನೂ ಗಾಢ ಕತ್ತಲೆಯನ್ನೂ ಒಲ್ಲದು, ಮಂದ ಬೆಳಕಿಗೆ ಒಲಿಯುತ್ತದೆ. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲೆಂದು ಚಂದ್ರಿಕೆಗೆ ಬಿಟ್ಟ ಮೇಲೆ ಒಂದೇ ಕಡೆಯಿಂದ ಬೆಳಕು ಬಿದ್ದರೆ ಅವೆಲ್ಲ ನೆರಳಿನ ಕಡೆಗೆ ಗುಂಪುಗೂಡಿ, ಎರಡು ಹುಳು ಸೇರಿ ಒಂದೇ ಗೂಡು ಕಟ್ಟುವ ಜೋಡಿಗೂಡು ಹೆಚ್ಚುತ್ತದೆ. ಅಂಥ ಗೂಡಿನ ನೂಲು ಸರಾಗವಾಗಿ ಬಿಚ್ಚಿಕೊಳ್ಳದ ಕಾರಣ ಮಾರುಕಟ್ಟೆಯಲ್ಲಿ ಬೆಲೆ ಇಳಿಯುತ್ತದೆ.