ಕಂಟೇನರ್‌ಗಳ ಅಂಬಿಗ

ಕುಬರ್ನೆಟಿಸ್ ಗ್ರೀಕ್ ಪದ. ಹಡಗಿನ ಚುಕ್ಕಾಣಿ ಹಿಡಿದವನು ಎಂದರ್ಥ. ಹಲವು ಸರ್ವರ್‌ಗಳಲ್ಲಿ ಹರಡಿಕೊಂಡ ಸಾವಿರಾರು ಕಂಟೇನರ್‌ಗಳನ್ನು ತಾನಾಗಿ ನಡೆಸುವ ತಂತ್ರಾಂಶಕ್ಕೆ ಗೂಗಲ್ ಎಂಜಿನಿಯರುಗಳು 2014ರಲ್ಲಿ ಇಟ್ಟ ಹೆಸರಿದು.

ತಂತ್ರಾಂಶವನ್ನೂ ಅದು ಓಡಲು ಬೇಕಾದ ಲೈಬ್ರರಿಗಳನ್ನೂ ಒಟ್ಟಿಗೆ ಕಟ್ಟಿದ ಗಂಟೇ ಕಂಟೇನರ್. 2013ರಲ್ಲಿ ಡಾಕರ್ ಬಂದ ಮೇಲೆ ಗಂಟು ಕಟ್ಟುವುದು ಸುಲಭವಾಯಿತು, ಕಾಯುವುದು ಕಷ್ಟವಾಯಿತು. ಯಾವುದು ಯಾವ ಸರ್ವರ್‌ಗೆ ಹೋಗಬೇಕು, ಕೆಟ್ಟು ನಿಂತರೆ ಎಬ್ಬಿಸುವವರಾರು? ಗೂಗಲ್ ತನ್ನೊಳಗೆ ಬೋರ್ಗ್ ಎಂಬ ವ್ಯವಸ್ಥೆಯಿಂದ ಇದನ್ನು ಮೊದಲೇ ಬಗೆಹರಿಸಿಕೊಂಡಿತ್ತು. ಆ ಅನುಭವದಿಂದ ರೂಪುಗೊಂಡ ಕುಬರ್ನೆಟಿಸ್‌ನ 1.0 ಆವೃತ್ತಿ 2015ರ ಜುಲೈನಲ್ಲಿ, ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿ ಹೊರಬಂತು.

ಕೆಲಸದ ರೀತಿ ನೋಡಿದರೆ ಚುಕ್ಕಾಣಿಗಿಂತ ಹಂಪಿಯ ಹರಿಗೋಲೇ ಸರಿಯಾದ ಹೋಲಿಕೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂಥ ಈ ದೋಣಿಗಳು ನೆಟ್ಟಗೆ ಸಾಗದೆ ಸುತ್ತುತ್ತಲೇ ಹೋಗುವುದನ್ನು ಬರೆದಿಟ್ಟಿದ್ದಾನೆ. ಹಂಪಿ ಬಜಾರ್‌ ದಾಟಿ ಚಕ್ರತೀರ್ಥದ ಬಳಿ ನಿಂತರೆ ಇಂದಿಗೂ ಅದು ಕಾಣುತ್ತದೆ: ಅಂಬಿಗನ ಕಣ್ಣು ಆಚೆ ದಡದ ಮೇಲೆ, ದೋಣಿ ತಿರುಗಿದಷ್ಟೂ ಸಲ ಹುಟ್ಟು ನೀರಿಗೆ. ಕುಬರ್ನೆಟಿಸ್‌ಗೂ ಮುಟ್ಟಬೇಕಾದ ದಡವನ್ನಷ್ಟೇ ಹೇಳಬೇಕು. ಈ ತಂತ್ರಾಂಶದ 3 ಪ್ರತಿಗಳು ಸದಾ ಓಡುತ್ತಿರಲಿ ಎಂದು ಫೈಲ್‌ನಲ್ಲಿ ಬರೆದರೆ ಅದು ಎಣಿಸುತ್ತಲೇ ಇರುತ್ತದೆ. ನಡುರಾತ್ರಿ ಒಂದು ಪ್ರತಿ ಸತ್ತರೆ ಯಾರನ್ನೂ ಎಬ್ಬಿಸದೆ ಹೊಸದನ್ನು ಹೂಡುತ್ತದೆ.

ಸತ್ತ ಕಂಟೇನರ್‌ನೊಳಗಿನ ಮಾಹಿತಿಯ ಗತಿ? ಈ ಪ್ರಶ್ನೆಗೆ ಬೆಂಗಳೂರಿನ ಎಂಜಿನಿಯರುಗಳ ಉತ್ತರವೂ ಇದೆ. ಮಾಯಾಡೇಟಾ ಸಂಸ್ಥೆಯ ಓಪನ್‌ಇಬಿಎಸ್, ಕಂಟೇನರ್ ಹೋದರೂ ಮಾಹಿತಿ ಉಳಿಯುವಂತೆ ಮಾಡಿತು. ಅದೇ ತಂಡದ ಲಿಟ್ಮಸ್ ಇನ್ನೂ ದಿಟ್ಟ ಕೆಲಸಕ್ಕೆ ಕೈ ಹಾಕಿತು: ಬೇಕೆಂದೇ ಕಂಟೇನರ್‌ಗಳನ್ನು ಕೊಂದು, ವ್ಯವಸ್ಥೆ ಚೇತರಿಸಿಕೊಳ್ಳುತ್ತದೆಯೇ ಎಂದು ಪರೀಕ್ಷಿಸುವುದು.

ಜನಸಾಮಾನ್ಯರ ಕೈಗೆ ಕುಬರ್ನೆಟಿಸ್‌ನ ಫಲ ಸಿಕ್ಕಿದ್ದು ಕೋವಿಡ್ ಕಾಲದಲ್ಲಿ. 2021ರ ಸೆಪ್ಟೆಂಬರ್ 17ರಂದು ಒಂದೇ ದಿನ ದೇಶದಲ್ಲಿ ಸುಮಾರು 2.5 ಕೋಟಿ ಡೋಸ್ ಲಸಿಕೆ ಹಾಕಲಾಯಿತು. ಹೊಸಪೇಟೆ, ಕಂಪ್ಲಿ, ಸಂಡೂರಿನವರ ಫೋನಿಗೂ ಬಂದ ಕ್ಯೂಆರ್ ಕೋಡ್‌ನ ಪ್ರಮಾಣಪತ್ರದ ಹಿಂದೆ ಬೆಂಗಳೂರಿನ ಇ-ಗವ್ ಫೌಂಡೇಶನ್ ಕಟ್ಟಿದ ಡೈವಾಕ್ ತಂತ್ರಾಂಶವಿತ್ತು. ಕುಬರ್ನೆಟಿಸ್ ಮೇಲೆ ಓಡುವಂತೆ ರಚಿಸಿದ ಅದರಲ್ಲಿ ಕೋರಿಕೆಗಳು ಸರದಿಯಲ್ಲಿ ನಿಲ್ಲುತ್ತವೆ; ಸರದಿ ಉದ್ದವಾದಾಗ ಡಿಜಿಟಲ್ ಸಹಿ ಹಾಕುವ ಕಂಟೇನರ್‌ಗಳನ್ನು ಹೆಚ್ಚಿಸಬಹುದು, ಕರಗಿದಾಗ ಇಳಿಸಬಹುದು. ಮುಂದೆ ಶ್ರೀಲಂಕಾ, ಫಿಲಿಪ್ಪೀನ್ಸ್ ದೇಶಗಳೂ ಅದನ್ನು ಬಳಸಿದವು.